ಕಣ್ಣಿಗೇ ಇಂಜೆಕ್ಷನ್ನಾ?

ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟಿದೆ, ಕಣ್ಣಿಗೇ ಇಂಜೆಕ್ಷನ್ ಕೊಡ್ಬೇಕು ಅಂದ್ರೆ ಎಂಥವರಿಗೂ ಎದೆ ಧಸಕ್ ಅನ್ನುತ್ತೆ. ಆದ್ರೆ ಮೊದಲು ಮರಗಟ್ಟಿಸೋ ಡ್ರಾಪ್ಸ್ ಹಾಕ್ತಾರೆ. ಸೂಜಿ ಚುಚ್ಚೋದು ಬಿಳಿಗುಡ್ಡೆಗೆ, ಕೆಲವೇ ಸೆಕೆಂಡು. ರೆಟಿನಾದ ರಕ್ತನಾಳ ಸೋರಿ ನಡುಭಾಗ ಊದಿದ್ರೆ ಈ ಔಷಧಿ ಸೋರಿಕೆ ತಗ್ಗಿಸುತ್ತೆ. ಒಂದೇ ಡೋಸ್‌ಗೆ ಮುಗಿಯಲ್ಲ. ಶುರುವಿನಲ್ಲಿ ಸಾಮಾನ್ಯವಾಗಿ ತಿಂಗಳಿಗೊಂದು. ತಮಾಷೆ ನೋಡಿ, ಇದಕ್ಕೆ ಬಳಸೋ ಬೆವಾಸಿಜುಮ್ಯಾಬ್‌ಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ದೊಡ್ಡ ಕರುಳಿನ ಕ್ಯಾನ್ಸರ್‌ಗೆ!

ಹೊಸ ನಾಳಗಳು ಬೇಕಾಬಿಟ್ಟಿ ಬೆಳೆದಿದ್ರೆ ಲೇಸರ್. ರೆಟಿನಾದ ಅಂಚನ್ನ ಸುಟ್ಟು ನಡುವಿನ ನೋಟ ಉಳಿಸೋ ಲೆಕ್ಕಾಚಾರ. ರಾತ್ರಿ ನೋಟ ಸ್ವಲ್ಪ ಮಂಕಾಗಬಹುದು. ಕಣ್ಣೊಳಗೆ ರಕ್ತ ತುಂಬಿ ಕರಗದಿದ್ರೆ ಅದನ್ನ ತೆಗೆಯೋ ವಿಟ್ರೆಕ್ಟಮಿ ಆಪರೇಷನ್.

ನೋಟ ಚೆನ್ನಾಗಿದ್ರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಿ. ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕ್ತಾರೆ, ಆವತ್ತು ಬೈಕ್ ಮಾತ್ರ ಮನೇಲೇ ಬಿಟ್ಟು ಹೋಗಿ.