ಜರ್ಮನಿಯಲ್ಲಿ ಹನ್ನೆರಡು ಭಾನುವಾರ: ಇಂಟರ್ನ್‌ಗಳ ವಾರಾಂತ್ಯಕ್ಕೊಂದು ಲೆಕ್ಕಾಚಾರ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಎಂಜಿನಿಯರಿಂಗ್ ಮೂರನೆಯ ವರ್ಷ ಮುಗಿಸಿ ಬೆಂಗಳೂರು, ಮೈಸೂರು, ಸುರತ್ಕಲ್‌ಗಳಿಂದ ಜರ್ಮನಿಯ ಪ್ರಯೋಗಾಲಯಗಳಿಗೆ ಹೊರಡುವ ವಿದ್ಯಾರ್ಥಿಗಳಿಗೆ ಈ ಎರಡೂ ಭಾಗ್ಯ ಒಟ್ಟಿಗೇ ಒದಗಿಬರುತ್ತದೆ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ 'ಡಾಡ್' ನೀಡುತ್ತ ಬಂದಿರುವ 'ವೈಸ್' ವಿದ್ಯಾರ್ಥಿವೇತನದ ಮೂಲಕ ಹೋದವರೂ ಇದ್ದಾರೆ. ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆದು ಅವಕಾಶ ಗಿಟ್ಟಿಸಿಕೊಂಡವರೂ ಇದ್ದಾರೆ. ಮೇ ತಿಂಗಳಲ್ಲಿ ಹೊರಟು ಜುಲೈ ಅಥವಾ ಆಗಸ್ಟ್‌ನಲ್ಲಿ ಮರಳುವುದು ಸಾಮಾನ್ಯ ವಾಡಿಕೆ.

ಸೋಮವಾರದಿಂದ ಶುಕ್ರವಾರದವರೆಗೆ ಏನು ಮಾಡಬೇಕೆಂಬುದನ್ನು ಮಾರ್ಗದರ್ಶಕರು ಹೇಳುತ್ತಾರೆ. ಶನಿವಾರ, ಭಾನುವಾರಗಳಲ್ಲಿ ಏನು ಮಾಡಬೇಕೆಂದು ಹೇಳುವವರು ಯಾರೂ ಇಲ್ಲ. ಶುಕ್ರವಾರ ಮಧ್ಯಾಹ್ನ ಕಳೆಯುತ್ತಿದ್ದಂತೆ ಪ್ರಯೋಗಾಲಯ ಖಾಲಿಯಾಗುತ್ತದೆ. ಸಹೋದ್ಯೋಗಿಗಳು ತಮ್ಮ ತಮ್ಮ ಊರಿಗೆ, ಮನೆಗೆ ಹೊರಡುತ್ತಾರೆ. ಭಾನುವಾರ ಬೆಳಗ್ಗೆ ಹಾಸ್ಟೆಲ್ ಕಿಟಕಿ ತೆರೆದರೆ ಬೀದಿಯಲ್ಲಿ ಸದ್ದಿಲ್ಲ, ಅಂಗಡಿಯಿಲ್ಲ. ಮೊದಲ ಬಾರಿಗೆ ಮನೆಯಿಂದ ಇಷ್ಟು ದೂರ ಬಂದ ಇಪ್ಪತ್ತರ ಹರೆಯದವರನ್ನು ಒಂಟಿತನ ಹಿಡಿಯುವುದು ಈ ಹೊತ್ತಿನಲ್ಲಿಯೇ.

ಇದಕ್ಕೆ ಎರಡು ಬಗೆಯ ಪ್ರತಿಕ್ರಿಯೆ ಕಂಡುಬರುತ್ತದೆ. ಕೆಲವರು ಕೊಠಡಿಯಲ್ಲೇ ಕುಳಿತು ಮೊಬೈಲ್ ನೋಡುತ್ತ ವಾರಾಂತ್ಯ ಕಳೆಯುತ್ತಾರೆ. ಇನ್ನು ಕೆಲವರು ಪ್ರತಿ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಎಂಟು ವಾರದಲ್ಲಿ ಎಂಟು ದೇಶದ ಫೋಟೊ ತೆಗೆದು, ಪ್ರತಿ ಸೋಮವಾರ ನಿದ್ದೆಗಣ್ಣಲ್ಲಿ ಪ್ರಯೋಗಾಲಯಕ್ಕೆ ಹಾಜರಾಗುತ್ತಾರೆ. ಮೊದಲನೆಯವರಿಗೆ ದೇಶ ತಪ್ಪುತ್ತದೆ, ಎರಡನೆಯವರಿಗೆ ಕೋಶ ತಪ್ಪುತ್ತದೆ. ಮೂರು ತಿಂಗಳಿಗೆ ಸಿಗುವುದು ಹನ್ನೆರಡು ಹದಿಮೂರು ವಾರಾಂತ್ಯ ಮಾತ್ರ. ಮೊದಲನೆಯದು ಕೊಠಡಿ, ಪಾತ್ರೆ, ಕಾಗದಪತ್ರಗಳ ವ್ಯವಸ್ಥೆಗೆ ಹೋಗುತ್ತದೆ. ಕೊನೆಯದು ವರದಿ ಬರೆಯುವುದಕ್ಕೆ ಮತ್ತು ಪೆಟ್ಟಿಗೆ ಕಟ್ಟುವುದಕ್ಕೆ. ಉಳಿದ ಹತ್ತನ್ನು ಲೆಕ್ಕ ಹಾಕಿ ಬಳಸುವುದರಲ್ಲಿಯೇ ಜಾಣ್ಮೆ ಇದೆ. ಒಂದು ವಾರ ದೂರದೂರು, ಮರುವಾರ ಇರುವ ಊರು ಎಂಬ ಸರಳ ಸೂತ್ರ ದೇಹಕ್ಕೂ ಜೇಬಿಗೂ ಹಿತ. ಭಾರತೀಯ ವಿದ್ಯಾರ್ಥಿಗಳು ಹೆಚ್ಚಾಗಿರುವ ಮ್ಯೂನಿಕ್ ನಗರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಲೆಕ್ಕವನ್ನು ನೋಡಬಹುದು.

ಮೊದಲು ವೀಸಾ, ಆಮೇಲೆ ನಕ್ಷೆ

ಪ್ರವಾಸದ ಪಟ್ಟಿ ಮಾಡುವ ಮುನ್ನ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರುವ ವೀಸಾವನ್ನು ಓದಬೇಕು. 90 ದಿನಗಳೊಳಗಿನ ವಾಸ್ತವ್ಯಕ್ಕೆ ಷೆಂಗೆನ್ ವೀಸಾ, ಅದಕ್ಕೂ ಮೀರಿದರೆ ಜರ್ಮನಿಯ ರಾಷ್ಟ್ರೀಯ ವೀಸಾ ನೀಡಲಾಗುತ್ತದೆ. ಎರಡನೆಯದು ಇದ್ದವರೂ ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಸುತ್ತಾಡಬಹುದು.

ತೊಂದರೆ ಎದುರಾಗುವುದು 'ಪ್ರವೇಶಗಳ ಸಂಖ್ಯೆ' ಎಂಬ ಪುಟ್ಟ ಕಲಂನಲ್ಲಿ. ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್ ವಲಯದಲ್ಲಿಲ್ಲ. ಒಂದೇ ಪ್ರವೇಶದ ಷೆಂಗೆನ್ ವೀಸಾ ಇರುವ ವಿದ್ಯಾರ್ಥಿಯು ಬ್ರಿಟನ್ನಿನ ವೀಸಾ ಪಡೆದು ಲಂಡನ್ನಿಗೆ ಹೋದರೂ, ಅಲ್ಲಿಂದ ಜರ್ಮನಿಗೆ ಮರಳಿ ಕಾಲಿಡುವಂತಿಲ್ಲ. ಎರಡು ದಿನದ ವಿನೋದ ಇಡೀ ಇಂಟರ್ನ್‌ಷಿಪ್ಪನ್ನೇ ಮುಗಿಸಿಬಿಡಬಹುದು. ಇದಕ್ಕೆ ವ್ಯತಿರಿಕ್ತವಾಗಿ ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯನಲ್ಲದಿದ್ದರೂ ಷೆಂಗೆನ್ ವಲಯದಲ್ಲಿದೆ. ಕ್ರೊಯೇಷಿಯಾ 2023ರಲ್ಲಿ ಈ ವಲಯಕ್ಕೆ ಸೇರಿತು. ರುಮೇನಿಯಾ ಮತ್ತು ಬಲ್ಗೇರಿಯಾ 2025ರ ಜನವರಿಯಲ್ಲಿ ಪೂರ್ಣ ಪ್ರಮಾಣದಲ್ಲಿ ಸೇರಿದವು.

ವಲಯದೊಳಗೆ ಗಡಿಯೇ ಇಲ್ಲ ಎಂಬ ಹಳೆಯ ನಂಬಿಕೆಯೂ ಈಗ ಅಷ್ಟು ಸರಿಯಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಾತ್ಕಾಲಿಕ ತಪಾಸಣೆಯನ್ನು ಆರಂಭಿಸಿ, ಆ ಬಳಿಕ ವಿಸ್ತರಿಸುತ್ತ ಬಂದಿತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಅರ್ಧ ದಿನಕ್ಕೆಂದು ಹೋದರೂ ಮೂಲ ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು. ಮೊಬೈಲ್‌ನಲ್ಲಿರುವ ಚಿತ್ರ ಪೊಲೀಸರಿಗೆ ಸಾಲದು.

ಒಂದೇ ಟಿಕೆಟ್, ಇಡೀ ದೇಶ

ಪ್ರವಾಸದ ಖರ್ಚಿನಲ್ಲಿ ದೊಡ್ಡ ಪಾಲು ರೈಲಿನದು. ಇಲ್ಲಿ ವಿದ್ಯಾರ್ಥಿಗಳ ಕೈಹಿಡಿಯುವುದು 'ಡಾಯ್ಚ್‌ಲಾಂಡ್ ಟಿಕೆಟ್' ಎಂಬ ಮಾಸಿಕ ಪಾಸು. 2022ರ ಬೇಸಿಗೆಯಲ್ಲಿ ಮೂರು ತಿಂಗಳ ಮಟ್ಟಿಗೆ ಜಾರಿಯಲ್ಲಿದ್ದ 9 ಯೂರೋ ಟಿಕೆಟ್ ಅಪಾರ ಜನಪ್ರಿಯವಾದ ಮೇಲೆ, 2023ರ ಮೇ ತಿಂಗಳಿನಿಂದ 49 ಯೂರೋಗೆ ಇದು ಬಂತು. 2025ರಲ್ಲಿ 58 ಯೂರೋ ಆಯಿತು. 2026ರ ಜನವರಿಯಿಂದ 63 ಯೂರೋ. ಊರೊಳಗಿನ ಬಸ್ಸು, ಟ್ರಾಮು, ಮೆಟ್ರೊ ಮತ್ತು ದೇಶದಾದ್ಯಂತದ ಪ್ರಾದೇಶಿಕ ರೈಲುಗಳ ಎರಡನೆಯ ದರ್ಜೆಯಲ್ಲಿ ಇದು ನಡೆಯುತ್ತದೆ. ಪ್ರಯೋಗಾಲಯಕ್ಕೆ ಹೋಗಿಬರಲು ಹೇಗೂ ಪಾಸು ಬೇಕು. ಅದೇ ಪಾಸು ಶನಿವಾರ ಇನ್ನೂರು ಕಿಲೋಮೀಟರ್ ದೂರದ ಊರಿಗೂ ಒಯ್ಯುತ್ತದೆ.

ಇದರ ಮಿತಿಗಳನ್ನೂ ತಿಳಿದಿರಬೇಕು. ಐಸಿಇ, ಐಸಿ ಮುಂತಾದ ದೂರದ ವೇಗದ ರೈಲುಗಳಿಗೆ ಇದು ಸಲ್ಲದು. ಪಾಸು ಒಬ್ಬರ ಹೆಸರಿನಲ್ಲಿರುತ್ತದೆ, ಗೆಳೆಯರಿಗೆ ಕೊಡುವಂತಿಲ್ಲ. ಇದು ತಾನಾಗಿ ನವೀಕರಣಗೊಳ್ಳುವ ಚಂದಾ ಆದ್ದರಿಂದ, ಕೊನೆಯ ತಿಂಗಳ 10ನೇ ತಾರೀಖಿನೊಳಗೆ ರದ್ದುಪಡಿಸದಿದ್ದರೆ ಭಾರತಕ್ಕೆ ಮರಳಿದ ಮೇಲೂ ಖಾತೆಯಿಂದ ಹಣ ಕಡಿತವಾಗುತ್ತದೆ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ.

ಊರಿನಿಂದ ಅಣ್ಣನೋ ಸ್ನೇಹಿತರೋ ಬಂದಾಗ 'ಬಯರ್ನ್ ಟಿಕೆಟ್' ಎಂಬ ಒಂದು ದಿನದ ಟಿಕೆಟ್ ಉಪಯುಕ್ತ. ಐದು ಜನರವರೆಗೆ ಒಟ್ಟಿಗೆ ಬವೇರಿಯಾ ರಾಜ್ಯದಾದ್ಯಂತ ಪ್ರಾದೇಶಿಕ ರೈಲುಗಳಲ್ಲಿ ಸುತ್ತಬಹುದು. ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರವಷ್ಟೇ ಇದು ಚಾಲ್ತಿ. ಶನಿವಾರ, ಭಾನುವಾರ ಆ ನಿರ್ಬಂಧವಿಲ್ಲ.

ಇನ್ನೊಂದು ಮಾತು. ಹಳಿ ದುರಸ್ತಿ ಕಾಮಗಾರಿಗಳು ಬೇಸಿಗೆಯಲ್ಲಿ, ಅದರಲ್ಲೂ ವಾರಾಂತ್ಯದಲ್ಲಿ ಹೆಚ್ಚು. ಜರ್ಮನಿಯ ರೈಲೆಂದರೆ ಗಡಿಯಾರ ಎಂಬ ಕಾಲವೂ ಈಗಿಲ್ಲ. ಶುಕ್ರವಾರ ರಾತ್ರಿ ರೈಲ್ವೆಯ ಆ್ಯಪ್‌ನಲ್ಲಿ ಮತ್ತೊಮ್ಮೆ ವೇಳೆ ನೋಡಿಕೊಳ್ಳುವುದು, ಮರಳುವಾಗ ಕೊನೆಯ ರೈಲನ್ನು ನೆಚ್ಚದೆ ಅದರ ಹಿಂದಿನ ರೈಲನ್ನು ಹಿಡಿಯುವುದು ಒಳಿತು.

ಭಾನುವಾರದ ಬೀಗ

ನಮ್ಮಲ್ಲಿ ಭಾನುವಾರವೆಂದರೆ ಮಾರುಕಟ್ಟೆಯ ದಿನ. ಜರ್ಮನಿಯಲ್ಲಿ ಅದು ತದ್ವಿರುದ್ಧ. ಭಾನುವಾರ ವಿಶ್ರಾಂತಿಯ ದಿನವೆಂದು 1919ರ ವೈಮಾರ್ ಸಂವಿಧಾನ ಸಾರಿತ್ತು. 1949ರ ಈಗಿನ ಸಂವಿಧಾನ ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ದಿನಸಿ ಅಂಗಡಿ, ಬಟ್ಟೆ ಅಂಗಡಿ ಎಲ್ಲವೂ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳ ಮಳಿಗೆಗಳು, ಪೆಟ್ರೋಲ್ ಬಂಕ್‌ಗಳು, ಕೆಲವು ಬೇಕರಿಗಳು ಮಾತ್ರ ಇದಕ್ಕೆ ಅಪವಾದ. ಆದ್ದರಿಂದ ಅಕ್ಕಿ, ಮೊಸರು, ತರಕಾರಿಗಳ ಖರೀದಿ ಶನಿವಾರ ಸಂಜೆಯೊಳಗೆ ಮುಗಿದಿರಬೇಕು. ಮೇ, ಜೂನ್ ತಿಂಗಳುಗಳಲ್ಲಿ ಗುರುವಾರ ಅಥವಾ ಸೋಮವಾರ ಬೀಳುವ ಕ್ರೈಸ್ತ ಹಬ್ಬದ ರಜೆಗಳು ಹಲವು. ಅಂದೂ ಅಂಗಡಿಗಳಿಗೆ ಬೀಗ, ರೈಲುಗಳಲ್ಲಿ ಜನಸಂದಣಿ. ಈ ರಜೆಗಳನ್ನು ಮೊದಲೇ ಗುರುತು ಹಾಕಿಕೊಂಡವರಿಗೆ ನಾಲ್ಕು ದಿನಗಳ ದೀರ್ಘ ವಾರಾಂತ್ಯ ಸಿಗುತ್ತದೆ. ಮರೆತವರಿಗೆ ಬ್ರೆಡ್ಡೂ ಸಿಗುವುದಿಲ್ಲ.

ಎತ್ತ ಹೋಗಬಹುದು?

ಮ್ಯೂನಿಕ್‌ನಿಂದ ಬೆಳಗ್ಗೆ ಹೊರಟು ರಾತ್ರಿ ಮರಳಬಹುದಾದ ಊರುಗಳೇ ಐದಾರು ವಾರಕ್ಕೆ ಸಾಕು. ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದ್ದರೂ ಅಲ್ಲಿನ ಮುಖ್ಯ ನಿಲ್ದಾಣದವರೆಗೆ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆ. 1756ರಲ್ಲಿ ಮೊಜಾರ್ಟ್ ಹುಟ್ಟಿದ ಊರು ಅದು. ಸುಮಾರು ಎರಡು ಗಂಟೆ ದೂರದ ಫ್ಯೂಸೆನ್ ಬಳಿ ದೊರೆ ಎರಡನೆಯ ಲುಡ್ವಿಗ್ 1869ರಲ್ಲಿ ಕಟ್ಟಿಸಲು ಆರಂಭಿಸಿದ ನಾಯ್ಶ್ವಾನ್‌ಸ್ಟೈನ್ ಅರಮನೆಯಿದೆ. 2025ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಒಳಗೆ ಹೋಗಲು ಟಿಕೆಟ್ಟನ್ನು ಮುಂಗಡವಾಗಿ ಕಾದಿರಿಸುವುದು ಕ್ಷೇಮ. ಬೆರ್ಖ್ಟೆಸ್‌ಗಾಡೆನ್ ಸಮೀಪದ ಕ್ಯೋನಿಗ್ಸ್ ಸರೋವರದಲ್ಲಿ 1909ರಿಂದಲೂ ವಿದ್ಯುತ್ ದೋಣಿಗಳು ಸಾಗುತ್ತಿವೆ. ಡ್ಯಾನ್ಯೂಬ್ ತೀರದ ರೇಗೆನ್ಸ್‌ಬರ್ಗ್‌ನ ಹನ್ನೆರಡನೆಯ ಶತಮಾನದ ಕಲ್ಲಿನ ಸೇತುವೆಯನ್ನು ಸಿವಿಲ್ ಎಂಜಿನಿಯರಿಂಗ್ ಓದುವವರು ನೋಡದೆ ಬರಬಾರದು.

ಮನರಂಜನೆಯ ಸ್ಥಳವಲ್ಲದಿದ್ದರೂ ಪಟ್ಟಿಯಲ್ಲಿ ಇರಲೇಬೇಕಾದದ್ದು ಡಾಖಾವ್. 1933ರಲ್ಲಿ ನಾಜಿಗಳು ತೆರೆದ ಬಂದೀಖಾನೆ ಈಗ ಸ್ಮಾರಕ. ಮ್ಯೂನಿಕ್‌ನಿಂದ ಸ್ಥಳೀಯ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ, ಪ್ರವೇಶ ಉಚಿತ. ತಾನು ಕೆಲಸ ಮಾಡುತ್ತಿರುವ ದೇಶ ತನ್ನ ಗತಕಾಲವನ್ನು ಹೇಗೆ ಎದುರಿಸುತ್ತಿದೆ ಎಂಬುದನ್ನು ಅಲ್ಲಿ ಕಳೆದ ಒಂದು ಬೆಳಗು ತಿಳಿಸಿಕೊಡುತ್ತದೆ.

ರಾತ್ರಿ ತಂಗುವುದಾದರೆ ಯುವ ವಸತಿಗೃಹಗಳು ಅಗ್ಗ. ಯೂತ್ ಹಾಸ್ಟೆಲ್ ಎಂಬ ಕಲ್ಪನೆಯೇ ಜರ್ಮನಿಯದು. ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಶಿಕ್ಷಕ ಆಲ್ಟೆನಾ ಕೋಟೆಯಲ್ಲಿ 1912ರಲ್ಲಿ ತೆರೆದದ್ದು ಜಗತ್ತಿನ ಮೊದಲ ಶಾಶ್ವತ ಯೂತ್ ಹಾಸ್ಟೆಲ್ ಎನಿಸಿದೆ.

ಇರುವ ಊರೂ ಒಂದು ಊರೇ

ದೂರ ಹೋಗದ ವಾರಗಳಲ್ಲಿ ಬೇಸರ ಪಡಬೇಕಾಗಿಲ್ಲ. ಜೂನ್‌ನಲ್ಲಿ ಮ್ಯೂನಿಕ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 9ರ ಮೇಲೆ. ವಿಶ್ವಪ್ರಸಿದ್ಧ ಚಿತ್ರಗಳಿರುವ ಆಲ್ಟೆ ಪಿನಾಕೊಥೆಕ್‌ನ ಶಾಶ್ವತ ಸಂಗ್ರಹವನ್ನು ಭಾನುವಾರ 1 ಯೂರೋಗೆ ತೋರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. 1903ರಲ್ಲಿ ಸ್ಥಾಪನೆಯಾದ ಡಾಯ್ಚೆಸ್ ಮ್ಯೂಸಿಯಂ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಬೇಸಿಗೆಯಲ್ಲಿ ಒಲಿಂಪಿಕ್ ಉದ್ಯಾನದಲ್ಲಿ ನಡೆಯುವ ಟಾಲ್‌ವುಡ್ ಉತ್ಸವದ ಮೈದಾನಕ್ಕೆ ಪ್ರವೇಶ ಉಚಿತ; ಸರ್ಕಾರಿ ಒಪೆರಾ ಸಂಸ್ಥೆಯೂ ಬೇಸಿಗೆಯಲ್ಲಿ ತನ್ನ ಎದುರಿನ ಚೌಕದಲ್ಲಿ ಸಾರ್ವಜನಿಕರಿಗೆ ಬಯಲು ಪ್ರದರ್ಶನ ನೀಡುತ್ತದೆ.

ಬವೇರಿಯಾದ ಬಿಯರ್ ತೋಟಗಳ ಹೆಸರು ಕೇಳಿ ಸಸ್ಯಾಹಾರಿಗಳೂ ಮದ್ಯ ಮುಟ್ಟದವರೂ ಹಿಂಜರಿಯಬೇಕಿಲ್ಲ. ಮನೆಯ ಬುತ್ತಿಯನ್ನು ತಂದು ತಿನ್ನಲು ಅಲ್ಲಿ ಸಾಂಪ್ರದಾಯಿಕ ಹಕ್ಕಿದೆ; ಪಾನೀಯವನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ಸೇಬಿನ ರಸಕ್ಕೆ ಸೋಡಾ ಬೆರೆಸಿದ 'ಆಪ್ಫೆಲ್‌ಶೋರ್ಲೆ' ಎಲ್ಲೆಡೆ ಸಿಗುತ್ತದೆ. ಚೆಸ್ಟ್‌ನಟ್ ಮರದ ನೆರಳಲ್ಲಿ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದರೆ ಯಾರೂ ಹುಬ್ಬೇರಿಸರು. ಉದ್ದನೆಯ ಮೇಜಿನಲ್ಲಿ ಪಕ್ಕದವರೊಡನೆ ಮಾತು ಬೆಳೆಯುವುದೂ ಉಂಟು. ಸಿನಿಮಾ ನೋಡುವವರು ಒಂದು ಗುರುತು ತಿಳಿದಿರಬೇಕು. ವಿದೇಶಿ ಚಿತ್ರಗಳು ಬಹುಪಾಲು ಜರ್ಮನ್‌ಗೆ ಡಬ್ ಆಗಿರುತ್ತವೆ. 'ಓವಿ' ಎಂದಿದ್ದರೆ ಮೂಲ ಭಾಷೆ, 'ಓಎಂಯು' ಎಂದಿದ್ದರೆ ಮೂಲ ಭಾಷೆಯೊಡನೆ ಜರ್ಮನ್ ಅಡಿಬರಹ.

ನೀರು, ಬೆಟ್ಟ: ಎಚ್ಚರ

ಬೇಸಿಗೆಯ ಸರೋವರಗಳು ಕಣ್ಣಿಗೆ ಶಾಂತವಾಗಿ ಕಂಡರೂ ಆಲ್ಪ್ಸ್‌ನ ನೀರು ಜುಲೈನಲ್ಲೂ ಮೈ ಮರಗಟ್ಟಿಸುವಷ್ಟು ತಣ್ಣಗಿರಬಹುದು. ಈಜು ಬಾರದವರು ಗೆಳೆಯರ ಒತ್ತಾಯಕ್ಕೆ ಇಳಿಯಬಾರದು. ಮ್ಯೂನಿಕ್‌ನ ಇಂಗ್ಲಿಷ್ ಗಾರ್ಡನ್‌ನಲ್ಲಿ ಹರಿಯುವ ಐಸ್‌ಬಾಖ್ ತೊರೆಯಲ್ಲಿ ನೂರಾರು ಜನ ತೇಲುತ್ತಿದ್ದರೂ ಅಲ್ಲಿ ಈಜುವುದು ಅಪಾಯಕಾರಿ; ಸೆಳೆತ ಅಷ್ಟು ಬಲವಾದದ್ದು. ಬೆಟ್ಟ ಹತ್ತುವವರಿಗೆ ಗಟ್ಟಿ ಬೂಟು ಬೇಕು, ಮಧ್ಯಾಹ್ನದ ಗುಡುಗು ಮಳೆಯ ಮುನ್ನ ಇಳಿಯುವ ಎಚ್ಚರವೂ ಬೇಕು. ಪರ್ವತದಲ್ಲಿ ನಡೆಯುವ ರಕ್ಷಣಾ ಕಾರ್ಯದ ವೆಚ್ಚ ತಮ್ಮ ವಿಮೆಯಲ್ಲಿ ಸೇರಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ತುರ್ತು ಕರೆಯ ಸಂಖ್ಯೆ 112. ಹೊರಡುವ ಮುನ್ನ ಎಲ್ಲಿಗೆ, ಯಾರೊಡನೆ ಎಂಬ ಎರಡು ಸಾಲಿನ ಸಂದೇಶವನ್ನು ಮನೆಗೂ ಸಹಪಾಠಿಗೂ ಕಳುಹಿಸಿದರೆ ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೂ ನಿದ್ದೆ ಬರುತ್ತದೆ.

ಕಿಟೆಲ್ ಬಾಳಿದ ಊರಿಗೆ

ಹತ್ತು ವಾರಾಂತ್ಯಗಳಲ್ಲಿ ಒಂದನ್ನು ಕನ್ನಡದ ವಿದ್ಯಾರ್ಥಿಗಳು ಟ್ಯೂಬಿಂಗೆನ್‌ಗೆ ಮೀಸಲಿಡಬಹುದು. ಪ್ರಾದೇಶಿಕ ರೈಲುಗಳಲ್ಲಿ ಮ್ಯೂನಿಕ್‌ನಿಂದ ಸುಮಾರು ನಾಲ್ಕು ಗಂಟೆಯ ದಾರಿಯಾದ್ದರಿಂದ ಒಂದು ರಾತ್ರಿ ತಂಗುವುದು ಮೇಲು. ದಾರಿಯಲ್ಲಿ ಸಿಗುವ ಉಲ್ಮ್ ನಗರದ ಚರ್ಚಿನ 161 ಮೀಟರ್ ಮೀರಿದ ಗೋಪುರ, 2025ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಸಗ್ರಾಡಾ ಫಮೀಲಿಯಾ ಅದನ್ನು ಮೀರುವವರೆಗೆ ಜಗತ್ತಿನಲ್ಲೇ ಅತಿ ಎತ್ತರದ ಚರ್ಚ್ ಗೋಪುರವಾಗಿತ್ತು.

ನೆಕ್ಕರ್ ನದಿಯ ದಡದ ಟ್ಯೂಬಿಂಗೆನ್ ವಿಶ್ವವಿದ್ಯಾಲಯ, 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಅವರಿಗೂ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ಅವರಿಗೂ ಗೌರವ ಡಾಕ್ಟರೇಟ್ ನೀಡಿತು. ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ನಿಧನರಾದದ್ದು ಇದೇ ಊರಿನಲ್ಲಿ. ಇಪ್ಪತ್ತರ ಹರೆಯದಲ್ಲಿ ಅವರು ಜರ್ಮನಿಯಿಂದ ನಮ್ಮ ಕರಾವಳಿಗೆ ಬಂದಿಳಿದಾಗ ಅವರಿಗೂ ಭಾಷೆ ಹೊಸದು, ಊಟ ಹೊಸದು, ಪರಿಚಿತರು ಬೆರಳೆಣಿಕೆಯವರು. ಜನರ ನಡುವೆ ಸುತ್ತಾಡಿ, ಮಾತು ಕೇಳಿ, ಪದ ಪದವನ್ನು ಕೂಡಿಹಾಕಿದ್ದರ ಫಲ ಆ ಕೋಶ. ಅಷ್ಟು ದೊಡ್ಡ ಕೆಲಸ ಮೂರು ತಿಂಗಳ ಇಂಟರ್ನ್‌ನಿಂದ ಆಗಬೇಕಿಲ್ಲ. ಮರಳುವ ಹೊತ್ತಿಗೆ ಐವತ್ತು ಜರ್ಮನ್ ಪದಗಳು, ನಾಲ್ಕು ಊರಿನ ಬೀದಿಗಳು, ಹೆಸರು ಹಿಡಿದು ಮಾತನಾಡಿಸುವ ಒಂದಿಬ್ಬರು ಜರ್ಮನ್ ಗೆಳೆಯರು ಜೊತೆಗಿದ್ದರೆ ವಾರಾಂತ್ಯಗಳು ವ್ಯರ್ಥವಾಗಲಿಲ್ಲ ಎಂದೇ ಅರ್ಥ.