ಓಡಲು ಅಪ್ಪಣೆಯುಂಟು, ಓಡುವ ನೆಲವೆಲ್ಲಿ?

ಫಾಲ್ಗುಣ ಮಾಸ ಮುಗಿಯುತ್ತ ಬಂದಂತೆ ಸವದತ್ತಿ ತಾಲೂಕಿನ ಸಿರಸಂಗಿಯ ಸುತ್ತಲಿನ ಎರೆಹೊಲಗಳು ಬರಿದಾಗುತ್ತವೆ. ಹಿಂಗಾರಿಯ ಬಿಳಿಜೋಳ, ಕಡಲೆ, ಗೋಧಿಗಳು ಕಣ ಸೇರಿ, ಕರಿಯ ನೆಲ ಬಿಸಿಲಿಗೆ ಬಾಯ್ಬಿಡುತ್ತದೆ. ಯುಗಾದಿಗೆ ಕಾಳಮ್ಮನ ಜಾತ್ರೆ. ಒಂದು ಕಾಲಕ್ಕೆ ಈ ಜಾತ್ರೆಗೂ, ಭಾರತ ಹುಣ್ಣಿಮೆಯಂದು ಎಲ್ಲಮ್ಮನ ಗುಡ್ಡಕ್ಕೂ ಜನ ಬರುತ್ತಿದ್ದುದು ಚಕ್ಕಡಿಗಳಲ್ಲಿ. ಇಂದು ಆ ದಾರಿಗಳಲ್ಲಿ ಟ್ರ್ಯಾಕ್ಟರು, ಟೆಂಪೋಗಳ ಧೂಳೇ ಹೆಚ್ಚು. ಆದರೂ ಚಕ್ಕಡಿ ಈ ಸೀಮೆಯಿಂದ ಮರೆಯಾಗಿಲ್ಲ. ಹೊರೆ ಸಾಗಿಸುವ ಕೆಲಸ ಕೈಬಿಟ್ಟ ಮೇಲೂ ಶರ್ಯತ್ತಿನಲ್ಲಿ ಓಡುವ ಕೆಲಸ ಅದಕ್ಕೆ ಉಳಿದಿದೆ.

ಬೆಳಗಾವಿ, ಧಾರವಾಡ, ಬಾಗಲಕೋಟೆ ಜಿಲ್ಲೆಗಳ ಜಾತ್ರೆಗಳಲ್ಲಿ ಖಾಲಿ ಗಾಡಿಯ ಓಟವೆಂದರೆ ಜನ ಕಿಕ್ಕಿರಿಯುತ್ತಾರೆ. ಹಗುರವಾದ ಗಾಡಿ, ನೊಗಕ್ಕೆ ಖಿಲಾರಿ ತಳಿಯ ಜೋಡಿ ಎತ್ತು, ಮೂಕಿಯ ಮೇಲೆ ಮಿಣಿ ಹಿಡಿದು ಕುಳಿತ ತರುಣ. ಕೆಲವೆಡೆ ಮೊದಲು ಗೆರೆ ದಾಟಿದ ಜೋಡಿಗೆ ಗೆಲುವು. ಕೆಲವೆಡೆ ಒಂದು ನಿಮಿಷದಲ್ಲಿ ಎಷ್ಟು ಅಡಿ ಓಡಿತೆಂದು ಅಳೆದು ತೀರ್ಮಾನ. ತೆರಬಂಡಿಯದು ಇನ್ನೊಂದು ಬಗೆ. ಅಲ್ಲಿ ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಎಳೆಯಬೇಕು. ವೇಗಕ್ಕಿಂತ ಕಸುವಿಗೆ ಬೆಲೆ.

ಇಂಥ ಜೋಡಿಯನ್ನು ಸಾಕುವುದು ಆಟದ ಮಾತಲ್ಲ. ಉಳುಮೆಯನ್ನು ಟ್ರ್ಯಾಕ್ಟರಿಗೆ ಒಪ್ಪಿಸಿದ ಮನೆಯಲ್ಲಿಯೂ ಶರ್ಯತ್ತಿನ ಎತ್ತಿಗೆ ಹುರುಳಿ, ಹಿಂಡಿ, ಹತ್ತಿಕಾಳು ತಪ್ಪುವಂತಿಲ್ಲ. ವರ್ಷವಿಡೀ ತಿನ್ನಿಸಿ, ಮೈತಿಕ್ಕಿ, ನಡೆಯಿಸಿ ಸಿದ್ಧಪಡಿಸಿದ ಪ್ರಾಣಿಗೆ ಓಡಲು ಸಿಗುವುದು ವರ್ಷದಲ್ಲಿ ಕೆಲವೇ ನಿಮಿಷ. ಅದೂ ಯಾವುದಾದರೂ ಊರಿನವರು ಕೊಯ್ಲಾದ ಹೊಲವನ್ನು ಬಿಟ್ಟುಕೊಟ್ಟರೆ.

ಆ ಕೆಲವು ನಿಮಿಷಗಳೂ ಒಮ್ಮೆ ಕೈತಪ್ಪಿದ್ದವು. ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಕೇಂದ್ರ ಸರಕಾರ 2011ರ ಜುಲೈಯಲ್ಲಿ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನೊಡನೆ ಗಾಡಿ ಓಟವನ್ನೂ ನಿಷೇಧಿಸಿತು. ನ್ಯಾಯಾಲಯದ ಮುಂದಿದ್ದ ಆಕ್ಷೇಪಗಳು ಹುರುಳಿಲ್ಲದವುಗಳೇನೂ ಆಗಿರಲಿಲ್ಲ. ಮೊಳೆ ಬಡಿದ ಕೋಲು, ತಿರುಚಿದ ಬಾಲ, ಬಾರುಕೋಲಿನ ಬಾಸುಂಡೆ ಇವೆಲ್ಲವನ್ನೂ ಜಾತ್ರೆಗೆ ಹೋದವರು ಕಣ್ಣಾರೆ ಕಂಡಿದ್ದಾರೆ.

ಕರಾವಳಿಯ ಕಂಬಳಪ್ರಿಯರು ಸುಮ್ಮನಿರಲಿಲ್ಲ. ಅವರ ಕೂಗು ಬಲವಾದಾಗ ಕರ್ನಾಟಕ ಸರಕಾರ 2017ರ ಜುಲೈಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಬಳಿಕ ಬಂದ ತಿದ್ದುಪಡಿ ಕಾಯಿದೆಗೆ 2018ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ಕಾಯಿದೆಯಲ್ಲಿ ಕಂಬಳದ ಪಕ್ಕದಲ್ಲಿಯೇ ಹೋರಿ ಓಟ, ಎತ್ತಿನಗಾಡಿ ಓಟಗಳ ಹೆಸರೂ ಇವೆ. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕರಾವಳಿಯ ಕೋಣ, ಬಯಲುಸೀಮೆಯ ಎತ್ತು ಎರಡಕ್ಕೂ ಒಂದೇ ಕಾಯಿದೆಯ ನೆರಳು.

ನೆರಳು ಒಂದೇ, ನೆಲ ಮಾತ್ರ ಒಂದಲ್ಲ. ಕಂಬಳಕ್ಕೆ ಕರೆಯೆಂಬ ಕೆಸರಿನ ಓಟದ ಕಣವಿದೆ. ಅನೇಕ ಊರುಗಳಲ್ಲಿ ಅದಕ್ಕೆಂದೇ ಕಾಯ್ದಿಟ್ಟ ಜೋಡುಕರೆಗಳಿವೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಯಾವ ವಾರ ಎಲ್ಲಿ ಕಂಬಳವೆಂದು ನಿಶ್ಚಯಿಸುವ ಜಿಲ್ಲಾ ಸಮಿತಿಯಿದೆ. ಓಡಿಸುವ ತರುಣರನ್ನು ತರಬೇತುಗೊಳಿಸಲು ಕಾರ್ಕಳದ ಮಿಯ್ಯಾರಿನಲ್ಲಿ ಅಕಾಡೆಮಿ ಹುಟ್ಟಿತು. 2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ ಸುದ್ದಿ ದೇಶವನ್ನೆಲ್ಲ ಸುತ್ತಿತು. ಆ ಸುದ್ದಿ ಹುಟ್ಟಲು ಗೌಡರ ಕಾಲುಗಳಷ್ಟೇ ಸಾಲದು. ಅಳೆದ ಕರೆಯೂ ಬೇಕಿತ್ತು, ಗಡಿಯಾರ ಹಿಡಿದವರೂ ಬೇಕಿತ್ತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕಂಬಳ ನಡೆದುಹೋಯಿತು.

ಬಯಲುಸೀಮೆಯ ಗಾಡಿಯವನಾದರೋ ಜಾತ್ರಾ ಕಮಿಟಿಯ ಕರಪತ್ರವನ್ನು ಕಾಯುತ್ತಾನೆ. ಒಂದೂರಿನ ನಿಯಮ ಮತ್ತೊಂದೂರಿಗಿಲ್ಲ. ಇಲ್ಲಿ ನಿಮಿಷದ ಲೆಕ್ಕ, ಅಲ್ಲಿ ಗೆರೆಯ ಲೆಕ್ಕ. ಆದುದರಿಂದ ಈ ಊರಿನ ಗೆಲುವನ್ನು ಆ ಊರಿನ ಗೆಲುವಿನೊಡನೆ ಹೋಲಿಸುವ ಬಗೆಯೇ ಇಲ್ಲ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಓಟ ನಡೆಸುವವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಓಟದ ದೂರಕ್ಕೂ ಮಿತಿಯುಂಟು. ಇದನ್ನು ಕಿರಿಕಿರಿಯೆಂದು ಗೊಣಗುವವರಿದ್ದಾರೆ. ಆದರೆ ಬೇಲಿಯಿಲ್ಲದ ಹೊಲದಲ್ಲಿ ಬೆದರಿದ ಜೋಡಿಯೊಂದು ಪ್ರೇಕ್ಷಕರ ಕಡೆ ತಿರುಗಿದುದನ್ನು ನೋಡಿದವರು ಹಾಗೆ ಗೊಣಗಲಾರರು.

ಈ ಅನಾಥಸ್ಥಿತಿ ಎತ್ತಿಗೆ ಮಾತ್ರ ಬಂದುದಲ್ಲವೆಂಬುದು ಸೋಜಿಗ. ಕ್ವಾಡ್ ಎಂಬ ನಾಲ್ಕು ಗಾಲಿಯ ಮೋಟಾರು ವಾಹನವುಂಟು. ಕುದುರೆಯಂತೆ ಮೇಲೆ ಕುಳಿತು, ಮೋಟಾರು ಸೈಕಲ್ಲಿನಂತೆ ಹ್ಯಾಂಡಲು ಹಿಡಿದು ಓಡಿಸತಕ್ಕದ್ದು. ಮೋಟೋಕ್ರಾಸ್ ಎಂಬ ಮಣ್ಣಿನ ಓಟದ ಕಣಗಳು ಎರಡು ಗಾಲಿಗಳಿಗೆಂದು ಸಿದ್ಧವಾದವು. ನಾಲ್ಕು ಗಾಲಿ ಅಲ್ಲಿ ಹೊಕ್ಕರೆ ತಗ್ಗುಗಳ ಜಾಡು ಬೇರೆ ಬೀಳುತ್ತದೆ. ದ್ವಿಚಕ್ರದವರಿಗೆ ಅದು ಹಿಡಿಸದು. ಕಾರಿನವರ ಸಾಲಿಗೂ ಅದು ಸೇರದು. ಜಗತ್ಪ್ರಸಿದ್ಧವಾದ ಡಾಕರ್ ರ‍್ಯಾಲಿ 2009ರಲ್ಲಿ ಕ್ವಾಡಿಗೆ ಪ್ರತ್ಯೇಕ ವಿಭಾಗ ಕೊಟ್ಟಿತ್ತು. 2024ರ ಬಳಿಕ ಅದನ್ನು ಕೈಬಿಟ್ಟಿತು. ಅದೇ ರ‍್ಯಾಲಿಯನ್ನು ಮೋಟಾರು ಸೈಕಲ್ಲಿನಲ್ಲಿ 2015ರಲ್ಲಿ ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ. ಎಸ್. ಸಂತೋಷ್, ಮುಂದೆ ಕೋಲಾರದ ಬಳಿ ಮಣ್ಣಿನ ಕಣವೊಂದನ್ನು ತಾವೇ ಕಟ್ಟಿಸಿದರು. ಗೆದ್ದುಬಂದವನೇ ನೆಲವನ್ನೂ ಹುಡುಕಿಕೊಳ್ಳಬೇಕಾಯಿತೆಂದರೆ ಉಳಿದವರ ಪಾಡನ್ನು ಊಹಿಸಬಹುದು.

ಸಿರಸಂಗಿ ಸಂಸ್ಥೆಯ ಬೆಲೆ ಅರಿಯದ ಊರೇನಲ್ಲ. ಲಿಂಗರಾಜ ದೇಸಾಯಿಯವರು (1861-1906) ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟರು. ದಾನಿ ಗತಿಸಿ ನೂರು ವರ್ಷ ಕಳೆದರೂ ಆ ಟ್ರಸ್ಟಿನ ನೆರವಿನಿಂದ ಓದಿದವರ ಮನೆಗಳಲ್ಲಿ ಅವರ ಹೆಸರು ನಿಂತಿದೆ. ಗಾಡಿ ಓಟಕ್ಕೆ ಅಂಥ ದೊಡ್ಡ ಗಂಟೇನೂ ಬೇಡ. ತಾಲೂಕಿಗೊಂದು ಅಳೆದ ಕಣ, ಎರಡೂ ಬದಿ ಬೇಲಿ, ಓಟಕ್ಕೆ ಮೊದಲು ಎತ್ತಿನ ಮೈ ಮುಟ್ಟಿ ನೋಡುವ ಪಶುವೈದ್ಯ, ಮೊಳೆಕೋಲು ಹಿಡಿದವನನ್ನು ಹೊರಗೆ ಕಳಿಸುವ ಎದೆಗಾರಿಕೆಯುಳ್ಳ ಒಂದು ಸಂಘ. ಎತ್ತಿನ ಮೇಲೆ ಕರುಣೆಯುಳ್ಳವರೂ ಓಟದ ಮೇಲೆ ಮೋಹವುಳ್ಳವರೂ ಈ ಪಟ್ಟಿಗೆ ಒಟ್ಟಾಗಿಯೇ ರುಜು ಹಾಕಬಹುದು.

ಜಾತ್ರೆಗಳು ಮುಗಿಯುತ್ತವೆ. ರೋಹಿಣಿಯ ಹನಿ ಬಿದ್ದೊಡನೆ ಹೊಲದೊಡೆಯ ಕುಂಟೆ ಹೊಡೆಸುತ್ತಾನೆ. ಗಾಲಿಯ ಜಾಡು ಎರೆಮಣ್ಣಿನಲ್ಲಿ ಅಳಿಸಿಹೋಗುತ್ತದೆ. ಗೊಂತಿನಲ್ಲಿ ಜೋಡಿಗೆ ಹುರುಳಿ ಇಡುತ್ತ ಗಾಡಿಯವನು, ಮುಂದಿನ ವರ್ಷ ಯಾವ ಊರಿನ ಹೊಲ ಬಿಟ್ಟಾರೆಂದು ದಾರಿಹೋಕರನ್ನು ವಿಚಾರಿಸುತ್ತಿರುತ್ತಾನೆ.