ಹಳೆಯ ಮಾಳಿಗೆಗೆ ಸ್ಲ್ಯಾಬ್ ಹಾಕುವ ಮುನ್ನ

ಯುಗಾದಿ ಕಳೆದು ಹೊಲದ ಕೆಲಸ ಹಗುರಾಗುತ್ತಲೇ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಮನೆಯ ಮಾತು ಏಳುತ್ತದೆ. ಮಗನ ಮದುವೆ ನಿಶ್ಚಯವಾಗಿರುತ್ತದೆ, ಇಲ್ಲವೇ ಅಣ್ಣತಮ್ಮಂದಿರ ಪಾಲಾಗಿರುತ್ತದೆ. ಕಟ್ಟಡಗಳ ಲೆಕ್ಕ ಹಾಕುವುದೇ ವೃತ್ತಿಯಾಗಿರುವ ನನಗೆ ಪ್ರತಿ ಬೇಸಗೆಯಲ್ಲಿಯೂ ಒಂದೇ ಪ್ರಶ್ನೆ ಬರುತ್ತದೆ. ಹೋದ ವರ್ಷ ಅದನ್ನು ಕೇಳಿದವನು ನನ್ನ ಅಣ್ಣನ ಮಗ.

“ಕಾಕಾ, ಮಾಳಗಿ ಮಣ್ಣ ತಗದು ಸ್ಲ್ಯಾಬ್ ಹಾಕಸ್ತೀನ್ರಿ. ಅದರ ಮ್ಯಾಲ ಒಂದ ಖೋಲಿ. ಗ್ವಾಡಿ ಎರಡು ಮೊಳ ದಪ್ಪ ಅದಾವು, ಏನಾಗ್ತದ?”

ಎರಡು ಮೊಳ ದಪ್ಪದ ಕಲ್ಲಿನ ಗೋಡೆಯನ್ನು ಕಂಡರೆ ಯಾರಿಗಾದರೂ ಧೈರ್ಯ ಬರುತ್ತದೆ. ಆದರೆ ಆ ಧೈರ್ಯದಲ್ಲಿ ಎರಡು ತಪ್ಪುಗಳು ಅಡಗಿವೆ.

ಮೊದಲನೆಯದು, ಹಳೆಯ ಮನೆಯಲ್ಲಿ ಮಾಳಿಗೆಯನ್ನು ಹೊತ್ತಿರುವವರು ಯಾರು ಎಂಬುದನ್ನು ಮರೆಯುವುದು. ಗೋಡೆಗೆ ಒತ್ತಿ ನಿಂತ ಕಟ್ಟಿಗೆಯ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಅಂಕಣದ ಲೆಕ್ಕದಲ್ಲಿ ಕಟ್ಟಿದ ಅನೇಕ ಮನೆಗಳಲ್ಲಿ ಭಾರವೆಲ್ಲ ಕಂಬಗಳ ಬುಡದ ಕಲ್ಲಿಗೆ ಇಳಿಯುತ್ತದೆ. ಗೋಡೆ ಬಿಸಿಲು, ಗಾಳಿ, ಕಳ್ಳಕಾಕರಿಂದ ಕಾಯುವ ಮರೆ ಮಾತ್ರ. ಕಂಬಗಳು ಜಾಗ ತಿನ್ನುತ್ತವೆಂದು ಕಿತ್ತುಹಾಕಿ ಸ್ಲ್ಯಾಬನ್ನು ಗೋಡೆಯ ತಲೆಯ ಮೇಲೆ ಕೂರಿಸಿದ ದಿನ, ಹುಟ್ಟಿದಾಗಿನಿಂದ ಭಾರ ಹೊರದ ಗೋಡೆಗೆ ಮನೆಯ ಪೂರ್ತಿ ಭಾರ ಬೀಳುತ್ತದೆ.

ಹತ್ತಡಿಗೆ ಹತ್ತಡಿಯ ಕೋಣೆಗೆ 5 ಅಂಗುಲದ ಸ್ಲ್ಯಾಬು ಸುಮಾರು 3 ಟನ್ ತೂಗುತ್ತದೆ. ಅದೇ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಸುಮಾರು ನಾಲ್ಕೂವರೆ ಟನ್. ಹಾಗಾದರೆ ಸ್ಲ್ಯಾಬೇ ಹಗುರವಲ್ಲವೇ ಎಂದು ನನ್ನ ಅಣ್ಣನ ಮಗ ಕೇಳಿದ. ಹಗುರವೇ ಹೌದು. ಆದರೆ ಭಾರ ಎಷ್ಟು ಎಂಬುದಕ್ಕಿಂತ ಅದು ಯಾರ ಹೆಗಲಿನಿಂದ ಯಾರ ಹೆಗಲಿಗೆ ಹೋಯಿತು ಎಂಬುದು ಇಲ್ಲಿ ದೊಡ್ಡದು. ಮೇಲಿನ ಖೋಲಿಯ ಇಟ್ಟಿಗೆ, ಅದರ ಸ್ಲ್ಯಾಬು, ನೀರಿನ ಟಾಕಿ ಇವನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಎರಡನೆಯ ತಪ್ಪು ದಪ್ಪವನ್ನೇ ಬಲವೆಂದು ತಿಳಿಯುವುದು. ನಮ್ಮ ಹಳೆಯ ಗೋಡೆ ನಿಜವಾಗಿ ಒಂದು ಗೋಡೆಯಲ್ಲ. ಹೊರಮುಖಕ್ಕೆ ಒಂದು ಸಾಲು ಕಲ್ಲು, ಒಳಮುಖಕ್ಕೆ ಒಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಮುಖಗಳನ್ನು ಹಿಡಿದಿಡುವ ಅಡ್ಡಗಲ್ಲು ಇಲ್ಲದಿದ್ದರೆ ಅವು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ತೆಳುಗೋಡೆಗಳು. ಮಳೆನೀರು ಒಳಗಿಳಿದು ನಡುವಿನ ಮಣ್ಣು ಉಬ್ಬಿದರೂ ಸಾಕು, ಹೊರಮುಖ ಹೊಟ್ಟೆ ಬಿಡುತ್ತದೆ.

ಇದರ ಫಲವನ್ನು ನಮ್ಮ ನೆರೆಯಲ್ಲಿಯೇ ಕಂಡಿದ್ದೇವೆ. 1993ರ ಸೆಪ್ಟೆಂಬರ್ 30ರ ನಸುಕು, ಗಣಪತಿಯನ್ನು ಕಳುಹಿಸಿ ಜನ ಮಲಗಿದ ರಾತ್ರಿ. ಲಾತೂರ ಜಿಲ್ಲೆಯ ಕಿಲ್ಲಾರಿ ಮತ್ತು ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ಕಡೆಯ ಹಳ್ಳಿಗಳು ನೆಲಕ್ಕೆ ಬಿದ್ದವು. ಭೂಕಂಪದ ಪ್ರಮಾಣ 6.2, ಸತ್ತವರು ಸುಮಾರು 8,000 ಮಂದಿ. ಜಗತ್ತಿನ ಭೂಕಂಪಗಳ ಲೆಕ್ಕದಲ್ಲಿ ಅದು ಮಧ್ಯಮ ದರ್ಜೆಯದು. ಅಷ್ಟು ಜೀವ ಹೋದದ್ದಕ್ಕೆ ದೊಡ್ಡ ಕಾರಣ ಮಣ್ಣುಗಾರೆಯ ದಪ್ಪ ಗೋಡೆ ಮತ್ತು ತಲೆಯ ಮೇಲಿನ ಮಣ್ಣಿನ ರಾಶಿ. ಗೋಡೆಯ ಎರಡು ಮುಖಗಳೂ ಸೀಳಿ ಬೇರೆಯಾದವು. ಕೆಲವೆಡೆ ಗೋಡೆಗಳೆಲ್ಲ ಬಿದ್ದು ಕಂಬ ತೊಲೆಗಳು ಮಾತ್ರ ನಿಂತಿದ್ದವು. ಅಂದಿನ ನಕ್ಷೆಯಲ್ಲಿ ಆ ಭಾಗ ಅತಿ ಕಡಿಮೆ ಅಪಾಯದ ಮೊದಲನೆಯ ವಲಯ. 2002ರಲ್ಲಿ ನಿಯಮ ಪರಿಷ್ಕರಿಸಿದಾಗ ಅದನ್ನು ಮೂರನೆಯದಕ್ಕೆ ಸೇರಿಸಿದರು. ಅನಂತರ ಜನ ಕಲ್ಲಿನ ಮನೆ ಎಂದರೇ ಹೆದರತೊಡಗಿದರು. ಇದು ಕಲ್ಲಿಗೆ ಮಾಡಿದ ಅನ್ಯಾಯವೆಂದು ನನ್ನ ಅಭಿಪ್ರಾಯ. ಕೊರತೆಯಿದ್ದದ್ದು ಕಟ್ಟಿನಲ್ಲಿ.

ಆದುದರಿಂದ ನಾನು ಅವನಿಗೆ ಹೇಳಿದ್ದು ಇಷ್ಟು: ಹಳೆಯ ಮನೆಯ ಮೇಲೆ ಏನನ್ನೂ ಏರಿಸಬೇಡ, ಮೊದಲು ಇಳಿಸು. ಕಂಬಗಳನ್ನು ಮುಟ್ಟಬೇಡ.

ಮಾಳಿಗೆಯ ಮಣ್ಣನ್ನು ಪೂರ್ತಿ ತೆಗೆದು ತಗಡು ಹಾಕಬಹುದು. ಆದರೆ ನಮ್ಮ ಬೇಸಗೆಯಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಕೂಸನ್ನು ಮಲಗಿಸುವುದು ಹೇಗೆ ಎಂದು ಅತ್ತಿಗೆ ಕೇಳಿದರು. ಅವರ ಮಾತು ನಿಜ. ಮಣ್ಣನ್ನು 8 ಅಂಗುಲಕ್ಕೆ ಇಳಿಸಿ, ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ತಂಪೂ ಉಳಿಯುತ್ತದೆ, ಸೋರುವುದೂ ನಿಲ್ಲುತ್ತದೆ. ಸೋರುತ್ತದೆಂದೇ ಅಲ್ಲವೇ ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕುತ್ತ ಬಂದದ್ದು? ಕಂಬ ಮತ್ತು ತೊಲೆ ಕೂಡುವಲ್ಲಿ ಓರೆಯಾಗಿ ಕಟ್ಟಿಗೆಯ ತುಂಡು ಕೊಟ್ಟು ಬೋಲ್ಟಿನಿಂದ ಬಿಗಿದರೆ ಚೌಕಟ್ಟು ಅತ್ತಿತ್ತ ವಾಲುವುದಿಲ್ಲ.

ಗೋಡೆಯನ್ನು ಹೊಲಿಯಬಹುದು, ಇದು ಅನೇಕರಿಗೆ ತಿಳಿಯದು. ಗೋಡೆಯ ಒಂದೊಂದು ಕಲ್ಲನ್ನು ಮೆಲ್ಲಗೆ ಅಲುಗಿಸಿ ತೆಗೆದು, ಈ ಮುಖದಿಂದ ಆ ಮುಖದವರೆಗೆ ಮೂರು ಅಂಗುಲದ ತೂತು ಮಾಡಬೇಕು. ಎರಡೂ ತುದಿ ಬಾಗಿಸಿದ 8 ಮಿಲಿಮೀಟರ್ ಸಲಾಕೆಯನ್ನು ಅದರಲ್ಲಿಟ್ಟು ಕಾಂಕ್ರೀಟು ತುಂಬಿ, ಹತ್ತು ದಿನವಾದರೂ ನೀರುಣಿಸಬೇಕು. ಮೂರಡಿಗೊಂದರಂತೆ ಇಂಥ ಕಟ್ಟುಗಳಿದ್ದರೆ ಎರಡು ಮುಖಗಳೂ ಒಂದಾಗುತ್ತವೆ. ಸುತ್ತಿಗೆಯಿಂದ ಜೋರಾಗಿ ಬಡಿಯಬಾರದು. ಅಕ್ಕಪಕ್ಕದ ತೂತುಗಳನ್ನು ಒಂದೇ ದಿನ ತೆರೆಯಬಾರದು. ಹೊಟ್ಟೆ ಬಿಟ್ಟ ಭಾಗವನ್ನು ಹೊಲಿಯಲು ಬಾರದು, ಅದನ್ನು ಬಿಚ್ಚಿಯೇ ಕಟ್ಟಬೇಕು. ಹೊಸದಾಗಿ ಕಲ್ಲಿನ ಗೋಡೆ ಎಬ್ಬಿಸುವವರು ಎರಡಡಿ ಎತ್ತರಕ್ಕೊಮ್ಮೆ, ನಾಲ್ಕಡಿಗೊಂದರಂತೆ ಅಡ್ಡಗಲ್ಲು ಇಡಿಸಿರಿ. ಗೋಡೆ ಒಂದೂವರೆ ಅಡಿಗಿಂತ ದಪ್ಪ ಬೇಡ. ಬಾಗಿಲು ಕಿಟಕಿಗಳ ತಲೆಮಟ್ಟದಲ್ಲಿ ಎಲ್ಲ ಗೋಡೆಗಳ ಮೇಲೂ ಸುತ್ತಿ ಬರುವ ಮೂರು ಅಂಗುಲದ ಕಾಂಕ್ರೀಟು ಪಟ್ಟಿ ಇರಲಿ. ಅದರೊಳಗಿನ ಎರಡು ಸಲಾಕೆಗಳು ಮೂಲೆಯಲ್ಲಿ ತುಂಡಾಗದೆ ಬಾಗಿ ಮುಂದಿನ ಗೋಡೆಗೆ ಹೋಗಲೇಬೇಕು. ಮೂಲೆಯಲ್ಲಿ ಕಡಿದ ಪಟ್ಟಿ ಗಂಟು ಹಾಕದ ಹಗ್ಗವಿದ್ದಂತೆ.

ಹೊಸ ಖೋಲಿಯನ್ನು ಹಿತ್ತಲಲ್ಲಿ, ಹಳೆಯ ಗೋಡೆಗೆ ಅಂಟಿಸದೆ ಬೇರೆಯಾಗಿ ಕಟ್ಟಲು ಹೇಳಿದೆ. ಅಲ್ಲಿ ಎರೆಮಣ್ಣು. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಈ ನೆಲದಲ್ಲಿ ಎರಡಡಿ ಪಾಯ ತೋಡಿದರೆ ಮನೆಯೂ ನೆಲದೊಡನೆ ಏರಿಳಿಯುತ್ತದೆ. ನಾಲ್ಕೈದು ಅಡಿಗೆ ಗರಸು ಸಿಕ್ಕರೆ ಅದರ ಮೇಲೆ ಪಾಯ ಕೂರಿಸಬೇಕು. ಎರೆ ಆಳಕ್ಕೆ ಹೋದರೆ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿಕೊಟ್ಟ, ತಳದಲ್ಲಿ ಉಬ್ಬಿದ ಕಾಂಕ್ರೀಟು ಕಂಬಗಳು ಇವೆ. ಅವು ಹತ್ತು ಹನ್ನೆರಡು ಅಡಿ ಇಳಿಯುತ್ತವೆ. ಬಚ್ಚಲ ನೀರು ಪಾಯದ ಬುಡದಲ್ಲಿ ಇಂಗಬಾರದು. ಬಿರುಕು ಕಂಡವರು ಅದರ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಬೇಸಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಂಡರೆ ಅದು ಎರೆಯ ಆಟ. ವರ್ಷಪೂರ್ತಿ ಅಗಲವಾಗುತ್ತಲೇ ಹೋದರೆ ತಡಮಾಡದೆ ಎಂಜಿನಿಯರರನ್ನು ಕರೆಯಿರಿ.

ಸಜ್ಜ, ಬಾಲ್ಕನಿಗಳ ವಿಷಯ ಒಂದೇ ಮಾತು: ಹೊರಚಾಚಿದ ಸ್ಲ್ಯಾಬಿನ ಮುಖ್ಯ ಸಲಾಕೆ ಮೇಲುಭಾಗದಲ್ಲಿರಬೇಕು. ನನ್ನ ಸಂಬಂಧಿಕರೊಬ್ಬರ ಮನೆಯಲ್ಲಿ ಸಲಾಕೆ ಸರಿಯಾಗಿಯೇ ಕಟ್ಟಿದ್ದರು; ಕಾಂಕ್ರೀಟು ಸುರಿಯುವಾಗ ಆಳುಗಳು ಅದರ ಮೇಲೆ ಓಡಾಡಿ ತಳಕ್ಕೆ ತುಳಿದರು. ಆಧಾರ ತೆಗೆದ ದಿನವೇ ಬಾಲ್ಕನಿ ಜೋತುಬಿತ್ತು. ಕೆಳಗೆ ಯಾರೂ ಇರಲಿಲ್ಲ.

ಅಣ್ಣನ ಮಗನಿಗೆ ನನ್ನ ಮಾತು ಹಿಡಿಸಲಿಲ್ಲ. ಮೇಲಂತಸ್ತು ಇಲ್ಲದೆ ಬೀಗರ ಮುಂದೆ ತಲೆ ತಗ್ಗುತ್ತದೆ ಎಂದ. ಎಂಟು ದಿನ ಮಾತೂ ಬಿಟ್ಟ. ಕೊನೆಗೆ ಮಾಳಿಗೆಯಲ್ಲಿ ಒಂದು ಕಡೆ ಅಗೆದು ನೋಡೋಣ ಎಂದೆ. ಗೌಂಡಿ ಗುದ್ದಲಿ ಹಾಕಿದ. ಒಂದಡಿ ಹೋಯಿತು, ಒಂದೂವರೆ ಹೋಯಿತು, ಎರಡಡಿಗೆ ಹಲಗೆ ಸಿಕ್ಕಿತು. ಪದರ ಪದರವಾಗಿ ಅವನ ಅಜ್ಜ ಹಾಕಿದ ಮಣ್ಣು, ಅಪ್ಪ ಹಾಕಿದ ಮಣ್ಣು. ಒಂದು ತೊಲೆಯ ತುದಿ ಒಳಗೇ ಗೆದ್ದಲು ತಿಂದು ಟೊಳ್ಳಾಗಿತ್ತು. ಅದರ ಕೆಳಗೇ ಅವನ ಮಕ್ಕಳ ಹಾಸಿಗೆ.

ಮೂರು ಕೋಣೆಗಳ ಮೇಲಿಂದ ಇಳಿಸಿದ ಮಣ್ಣು ಸುಮಾರು ಐದು ಬ್ರಾಸ್ ಆಯಿತು. ಇಪ್ಪತ್ತು ಟನ್ನಿಗೂ ಮಿಕ್ಕ ಆ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೊಲದ ತಗ್ಗಿಗೆ ಹಾಕಿಸುತ್ತಿದ್ದಾಗ, ಪಕ್ಕದ ಮನೆಯ ಹಿರಿಯರು ಬಂದು ತಮ್ಮ ಮಾಳಿಗೆಯನ್ನೂ ಒಂದು ಸಲ ಅಗೆದು ನೋಡಲು ಗೌಂಡಿಯನ್ನು ಕರೆದುಕೊಂಡು ಹೋದರು.